ಗುಳ್ಳೆ ನಡುವಿಗೆ ಬಾರದ ಗಾಡಿ

ವರ್ಲಿನ್: ಕೊಂಡೀನ ಒಂದೇ ಒಂದು ತೂತು ಇಳಿಸ್ತೀನಿ ಅಷ್ಟೆ. ಗಾಡಿ ಹೇಗೆ ಮೂತಿ ಎತ್ಕೊಂಡು ನಿಂತಿದೆ ನೋಡು!

ಆರ್ಡಿತ್: ಮೂತಿ ಎತ್ಕೊಂಡಿರೋದು ಗಾಡಿಯೋ ನೀನೋ? ಈಗ ಸಂದು ಸರಿಯಾಗಿ ಆರಂಗುಲ ಇದೆ. ಒಂದು ತೂತು ಇಳಿಸಿದ್ರೆ ನಾಲ್ಕಕ್ಕೆ ಬರುತ್ತೆ. ಆಮೇಲೆ ಗಾಡಿ ಹೊಟ್ಟೆ ನಿನ್ನ ಹೊಸ ಟ್ರಕ್ಕಿನ ಮೇಲೆ ಕೂತ್ಕೊಂಡು ಪ್ರಾರ್ಥನೆ ಮಾಡುತ್ತೆ.

ವರ್ಲಿನ್ ಮತ್ತು ಅವರ ಹೆಂಡತಿ ಆರ್ಡಿತ್, ಈ ಸ್ಟಕಿ ದಂಪತಿ ಕ್ಯಾನ್ಸಾಸಿನ ನಮ್ಮ ಮೆನೊನೈಟ್ ಕ್ರೈಸ್ತ ಸಭೆಯ ಆಧಾರಸ್ತಂಭಗಳು. ಎರಡು ಕಂಬಗಳೂ ಒಂದೇ ಕಡೆಗೆ ವಾಲಿದ್ದನ್ನು ಮಾತ್ರ ಯಾರೂ ಕಂಡವರಿಲ್ಲ. ಎದುರಿಗೆ ಎತ್ತರದ ಹೊಸ ಪಿಕಪ್ ಟ್ರಕ್ಕು. ಅದರ ತೊಟ್ಟಿಯ ನಡುವೆ, ಎತ್ತರ ಹೊಂದಿಸಲು ಬೋಲ್ಟಿನ ತೂತುಗಳ ಸಾಲಿದ್ದ ಕೊಂಡಿ. ಕೊಂಡಿಗೆ ಮೂತಿಯೊಪ್ಪಿಸಿ ನಿಂತಿದ್ದ, ಟ್ರಕ್ಕು ಎಳೆದೊಯ್ಯಬೇಕಾದ ಮನೆಯಂಥ ಫಿಫ್ತ್‌ವೀಲ್ ಗಾಡಿ. ಕೊಂಡಿ ಹೆಚ್ಚು ಎತ್ತರವಾದರೆ ಗಾಡಿ ಹಿಂದಕ್ಕೆ ವಾಲುತ್ತದೆ. ತಗ್ಗಾದರೆ ತೊಟ್ಟಿಯ ಅಂಚಿಗೂ ಗಾಡಿಯ ಹೊಟ್ಟೆಗೂ ನಡುವಿನ ಸಂದು ಸಾಲದೆ ಎರಡೂ ಜಜ್ಜಿಹೋಗುತ್ತವೆ. ಸ್ವರ್ಗಕ್ಕೊಯ್ಯುವ ಇಕ್ಕಟ್ಟಾದ ದಾರಿಯನ್ನು ಕುರಿತು ಸಭೆಯ ಪಾದ್ರಿಯಾದ ನಾನು ಎಷ್ಟೋ ಪ್ರಸಂಗಗಳನ್ನು ಮಾಡಿದ್ದೇನೆ. ಅಂಗುಲಗಳಲ್ಲಿ ಅದನ್ನು ಅಳೆದದ್ದು ಅಂದೇ ಕಂಡೆ.

ಸಂಜೆ ನದಿತೀರದ ಶಿಬಿರದಲ್ಲಿ ಎಂಬತ್ತು ಮಂದಿಗೆ ಊಟವಿಕ್ಕುವುದಾಗಿ ಆರ್ಡಿತ್ ಸಭೆಯ ಮುಂದೆ ಮಾತು ಕೊಟ್ಟಿದ್ದರು. ಆ ಊಟವೆಲ್ಲ ಗಾಡಿಯೊಳಗಿತ್ತು. ಗಾಡಿಯೋ, ಸಭಾಮಂದಿರದ ಬಾಗಿಲಿಗೆ ಬೆನ್ನುಮಾಡಿ ಬೆಳಗಿನಿಂದ ಅಂಗಳದಲ್ಲೇ ಇತ್ತು.

ವರ್ಲಿನ್: ಮಟ್ಟಗೋಲು ನೋಡು. ನಳಿಕೇಲಿರೋ ಗುಳ್ಳೆ ನಡುವೆ ನಿಲ್ಲದೆ ಮುಂದಕ್ಕೆ ಓಡಿದೆ, ಅಂದ್ರೆ ಮುಂದೇನೇ ಎತ್ತರ. ಗುಳ್ಳೆ ಸುಳ್ಳು ಹೇಳುತ್ತಾ?

ಆರ್ಡಿತ್: ನನ್ನ ಪೊರಕೆ ಕೋಲೂ ಸುಳ್ಳು ಹೇಳಲ್ಲ. ನೆಲದಿಂದ ಗಾಡಿ ಅಡಿತನಕ ಹಿಂದೇನೂ ಅಳೆದೆ, ಮುಂದೇನೂ ಅಳೆದೆ. ಒಂದೇ ಸಮ ಇದೆ.

ವರ್ಲಿನ್: ಪೊರಕೇಲಿ ಗಾಡಿ ಅಳೆಯೋರನ್ನ ಇವತ್ತೇ ನೋಡಿದ್ದು!

ಆರ್ಡಿತ್: ಊಟದ ಹೊತ್ತು ಮೀರಿಸಿ ಗುಳ್ಳೆ ನೋಡ್ತಾ ಕೂರೋನನ್ನ ನಾನು ನಲವತ್ತು ವರ್ಷದಿಂದ ನೋಡ್ತಿದ್ದೀನಿ. ಖಾಲಿ ಗಾಡಿ ಅಳೀಬಾರದು ಅಂತ ನೂಡಲ್ಸು, ಬನ್ನು, ಸಾಸೇಜು ಎಲ್ಲಾ ತುಂಬಿಸಿದೋನು ನೀನೇ. ಈಗ ಬನ್ನಿಗೆ ವಯಸ್ಸಾಗ್ತಾ ಇದೆ.

ವರ್ಲಿನ್: ಗಾಡಿ ವಾಲಿಕೊಂಡು ಹೋದ್ರೆ ಹಿಂದಿನ ಚಕ್ರಕ್ಕೆ ಭಾರ ಬೀಳುತ್ತೆ. ನಾಲ್ಕಂಗುಲ ಸಾಕು. ಮೆಲ್ಲಗೆ ಓಡಿಸ್ತೀನಿ.

ಆರ್ಡಿತ್: ಧಾನ್ಯದ ಗೋದಾಮಿನ ಹತ್ರ ರೈಲುಹಳಿ ಇದೆಯಲ್ಲಪ್ಪ! ದಿಬ್ಬ ಹತ್ತಿ ಟ್ರಕ್ಕು ಮೂತಿ ತಗ್ಗಿಸ್ತಿದ್ದ ಹಾಗೇ ತೊಟ್ಟಿ ಹಿಂಭಾಗ ಮೇಲೇಳುತ್ತೆ. ಮೆಲ್ಲಗೆ ಹೋದ್ರೆ ಮೆಲ್ಲಗೆ ಮುರಿಯುತ್ತೆ. ಪಾದ್ರಿಗಳೇ, ನೀವಾದ್ರೂ ಹೇಳಿ.

ಸಮಾಧಾನಪಡಿಸುವವನ ಪಾಲಿಗೆ ಎರಡೂ ಕಡೆಯ ಬೈಗುಳವೇ ಸಂಬಳ. ಅದನ್ನು ಬಲ್ಲವನಾಗಿದ್ದೂ ಬಾಯಿ ತೆರೆದೆ.

ನಾನು: ಸೋದರ ವರ್ಲಿನ್, ಗಾಡಿಯನ್ನು ಬಿಟ್ಟು ಒಮ್ಮೆ ನೆಲದ ಮಟ್ಟ ನೋಡಿದರೆ ಹೇಗೆ?

ವರ್ಲಿನ್ ಕೈಯಲ್ಲಿದ್ದ ಬೋಲ್ಟು ಟಣ್ಣನೆ ತೊಟ್ಟಿಯೊಳಗೆ ಬಿತ್ತು.

ವರ್ಲಿನ್: ನೆಲಾನೇ ಅನುಮಾನಿಸ್ತೀರಾ? ಈ ಅಂಗಳದ ಕಾಂಕ್ರೀಟ್ ಹಾಕಿದೋನು ನಾನು! ಪ್ರತಿಷ್ಠೆ ದಿನ ನೀವೇ ಪ್ರಾರ್ಥನೆ ಮಾಡಿದ್ರಿ, ‘ಕರ್ತನೇ, ಈ ನೆಲದಂತೆಯೇ ನಮ್ಮ ಹೃದಯಗಳನ್ನೂ ಸಮಮಾಡು’ ಅಂತ.

ಆರ್ಡಿತ್: ಮತ್ತೆ ಬಾಗಿಲಲ್ಲಿ ಮಳೆ ನೀರು ಯಾಕೆ ನಿಲ್ಲುತ್ತೆ?

ವರ್ಲಿನ್: ಅದು ಸೂರಿನ ನೀರು ಹಿಡಿಯೋ ದೋಣಿ ತಪ್ಪು. ಎಷ್ಟು ವರ್ಷದಿಂದ ಬಡ್ಕೋತಾ ಇದ್ದೀನಿ, ದೋಣಿ ಬದಲಾಯಿಸಿ ಅಂತ!

ಆರ್ಡಿತ್, ಗಂಡ ಗಾಡಿಗೆ ಒತ್ತಿ ಹಿಡಿದಿದ್ದ ಮಟ್ಟಗೋಲನ್ನು ಕಸಿದು, ಏಪ್ರನ್ ಚುಂಗಿನಿಂದ ಒರೆಸಿ, ಅದೇ ದಿಕ್ಕಿಗೆ ನೆಲದ ಮೇಲಿಟ್ಟರು. ಮೂವರೂ ಬಗ್ಗಿದೆವು. ಗುಳ್ಳೆ ಮುಂದಕ್ಕೆ ಓಡಿ, ಗಾಡಿಯ ಮೇಲೆ ನಿಂತಿದ್ದ ಗೆರೆಯಲ್ಲೇ ನಿಂತಿತು, ಕೂದಲೆಳೆಯಷ್ಟೂ ಆಚೀಚೆಯಿಲ್ಲ.

ಇಡೀ ಅಂಗಳ ಸಭಾಮಂದಿರದ ಬಾಗಿಲ ಕಡೆಗೆ ಇಳಿಜಾರಾಗಿ, ವಿನಯದಿಂದ ತಲೆಬಾಗಿತ್ತು. ಗಾಡಿ ನೆಲಕ್ಕೆ ಸರಿಯಾಗಿಯೇ ನಿಂತಿತ್ತು. ಕೊಂಡಿ ಇದ್ದ ತೂತೇ ಸರಿಯಾದ ತೂತು. ಕರ್ತನು ನನ್ನ ಪ್ರಾರ್ಥನೆಯನ್ನು ಅಕ್ಷರಶಃ ನೆರವೇರಿಸಿ, ನಮ್ಮ ಹೃದಯಗಳನ್ನೂ ಇದೇ ನೆಲದಂತೆ ಮಾಡಿಟ್ಟಿರುವನೇ ಎಂದು ನಾನು ಒಳಗೊಳಗೇ ನಡುಗಿದೆ.

ವರ್ಲಿನ್: ...ಬಿಸಿಲಿಗೆ ಗುಳ್ಳೆ ಕೆಟ್ಟಿರಬೇಕು.

ಆರ್ಡಿತ್: ಹೂಂ, ಮಳೆಗೆ ದೋಣಿ ಕೆಟ್ಟ ಹಾಗೆ. ಬೋಲ್ಟು ಬಿಗಿ, ಎಂಬತ್ತು ಜನ ಕಾಯ್ತಿದ್ದಾರೆ.

ವರ್ಲಿನ್ ಬಿಗಿದರು. ಸಂದು ಆರಂಗುಲವಾಗಿಯೇ ಉಳಿಯಿತು. ಟ್ರಕ್ಕು ಏರಿ ಕುಳಿತ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ತಗ್ಗಿದ ದನಿಯಲ್ಲಿ ಕೇಳಿದರು:

ವರ್ಲಿನ್: ಪಾದ್ರಿಗಳೇ, ಈ ಅಂಗಳದ ವಿಷಯ ಸಭೆಗೆ ಹೇಳಲೇಬೇಕಾ?

ಉತ್ತರ ಪಕ್ಕದ ಸೀಟಿನಿಂದ ಬಂತು.

ಆರ್ಡಿತ್: ಹೇಳ್ದೆ ಇರಕ್ಕಾಗುತ್ತಾ? ಕರ್ತನು ಶಿಷ್ಯರಿಗೆ ಮಾಡಿದ ಹಾಗೆ ಒಬ್ಬರ ಪಾದ ಒಬ್ಬರು ತೊಳೆಯೋ ಸೇವೆ ವರ್ಷಕ್ಕೆ ಎರಡು ಸಲ ಸಾಕು ಅಂತ ಸಭೆ ತೀರ್ಮಾನಿಸಿತ್ತು. ಬಾಗಿಲಲ್ಲಿ ನೀರು ನಿಲ್ಲಿಸಿ ಪ್ರತಿ ಮಳೆಗೂ ಎಲ್ಲರ ಪಾದ ತೊಳೆದೋನು ನೀನೊಬ್ಬನೇ, ವರ್ಲಿನ್!