ಕಾಕಾ ಹೊಲಿದ ಕರಿ ಕುಂಚಿಗೆ

ನಮ್ಮ ಕಾಕಾನಿಗೆ ಈ ಜಗತ್ತಿನ ಮುಂಭಾಗದ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಏನೇ ಕೈಗೆ ಕೊಡಿ, ತಿರುವಿ ಹಿಂಬದಿ ನೋಡಿದ ಮೇಲೆಯೇ ಮುಂದಿನ ಮಾತು. ತಟ್ಟೆ, ಕ್ಯಾಲೆಂಡರು, ಚಪಾತಿ! ಹೌದು, ಚಪಾತಿಯನ್ನೂ ಬಿಟ್ಟಿಲ್ಲ. ನಾಸಿಕದ ಬಳಿ ಓಝರ್ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಂಡ ಮನುಷ್ಯ ನಿವೃತ್ತಿಯಾದರೆ ಏನಾಗುತ್ತದೆ? ಸಂಬಳ ನಿಲ್ಲುತ್ತದೆ, ಅಷ್ಟೇ!

ಒಮ್ಮೆ ನಾಸಿಕದಲ್ಲಿ ಒಂದು ಮದುವೆ. ಬೀಗತಿ ನವಿಲಿನ ಕಸೂತಿಯ ಹೊಸ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಾಕಾ ಹಿಂದಿನ ಸಾಲಿನಿಂದ ಬಗ್ಗಿ, ಆ ಶಾಲಿನ ತುದಿಯನ್ನು ಮಗುಚಿ ನೋಡಿಯೇಬಿಟ್ಟರು! ಬೀಗತಿ ಬೆಚ್ಚಿ ತಿರುಗಿದರು. ಕಾಕಾ ಗಂಭೀರವಾಗಿ, "ಮುಂದ ನವಿಲ ಅದರಿ. ಹಿಂದ ಕಾಗಿ ಗೂಡದ," ಎಂದರು. ಪುಣ್ಯಕ್ಕೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ, "ನಿಮ್ಮ ಶಾಲು ಇವರಿಗೆ ಬಹಳ ಮನಸ್ಸಿಗೆ ಬಂತಂತೆ" ಎಂದು ಮರಾಠಿಯಲ್ಲಿ ಹೇಳಿ ಸಂಬಂಧ ಉಳಿಸಿದರು.

ಇಂಥ ಮನುಷ್ಯ ಸೋತದ್ದು ಒಂದೇ ಕಡೆ, ಕಾಕುವಿನ ಕಸೂತಿಯ ಎದುರು. ಕಾಕು ಧಾರವಾಡದವರು. ಅವರ ಕಸೂತಿಯಲ್ಲಿ ಗಂಟು ಇರುವುದಿಲ್ಲ. ದಾರ ಎಳೆ ಎಣಿಸಿಕೊಂಡು ಹೋಗಿ, ಬಿಟ್ಟ ಜಾಗ ತುಂಬಿಕೊಂಡು ಹೊರಟಲ್ಲಿಗೇ ವಾಪಸು ಬರಬೇಕು. ಮುಂದೆ ಹೇಗೋ ಹಿಂದೆಯೂ ಹಾಗೆಯೇ. "ನಲವತ್ತು ವರ್ಷಾತು ಹುಡಕ್ಲಿಕತ್ತು. ಒಂದ ಗಂಟ ಸಿಗವಲ್ತು," ಎಂದು ಕಾಕಾ ಹೇಳುವಾಗ ಹೆಮ್ಮೆಗಿಂತ ನಿರಾಶೆಯೇ ಜಾಸ್ತಿ ಕಾಣುತ್ತಿತ್ತು. ನಮ್ಮ ಮನೆತನದಲ್ಲಿ ಹುಟ್ಟಿದ ಪ್ರತಿ ಕೂಸೂ ಮೊದಲ ಸಂಕ್ರಾಂತಿಗೆ ಕಾಕು ಹೊಲಿದ ಕರಿ ಕುಂಚಿಗೆಯನ್ನೇ ತೊಡಬೇಕು. ತಲೆ, ಬೆನ್ನು ಎರಡನ್ನೂ ಬೆಚ್ಚಗಿಡುವ ಆ ಕುಂಚಿಗೆ ತೊಟ್ಟು ಕೂತ ಕೂಸಿನ ತಲೆಯ ಮೇಲೆ ಬಾರಿಹಣ್ಣು, ಚುರುಮುರಿ, ಕುಸುರೆಳ್ಳು ಸುರಿಯುವುದು. ನಾನೂ ತೊಟ್ಟಿದ್ದೇನೆ, ನನ್ನ ಮಕ್ಕಳೂ ತೊಟ್ಟಿದ್ದಾರೆ.

ಹೋದ ಡಿಸೆಂಬರಿನಲ್ಲಿ ಮಕ್ಕಳಿಗೆ ಕ್ರಿಸ್‌ಮಸ್ ರಜೆ ಬಿದ್ದಾಗ ಸಂಭಾಜಿನಗರದಿಂದ ಓಝರಿಗೆ, ಕಾಕಾನ ಮನೆಗೆ ಬಂದೆ. ಓಝರ್ ಇರುವ ನಿಫಾಡ್ ತಾಲೂಕಿನ ಚಳಿ ಗೊತ್ತಲ್ಲ? ದ್ರಾಕ್ಷಿ ತೋಟದವರೇ ನಡುಗುತ್ತ ಬೆಂಕಿ ಹಾಕುವ ಚಳಿ! ಗೇಟು ತೆಗೆಯುತ್ತಿದ್ದಂತೆ ಮಗಳು ಕೂಗಿದಳು: "ಆಯೀ, ಆಜೋಬಾ ಶಿವತಾಯತ್!" ಅಜ್ಜ ಹೊಲಿಯುತ್ತಿದ್ದಾರಂತೆ! ನೋಡಿದರೆ ನಿಜ. ಮಂಕಿ ಕ್ಯಾಪು, ಕಣ್ಣಿಗೆ ಭೂತಗನ್ನಡಿ, ತೊಡೆಯ ಮೇಲೆ ಕರಿ ಬಟ್ಟೆ. ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕಾಕಾ ಸೂಜಿ ಹಿಡಿದು ಕೂತಿದ್ದಾರೆ.

"ಇದೇನ್ರಿ ಕಾಕಾ?"

"ಕಾಣವಲ್ದೇನು? ಗಿಣಿ."

ಕುತೂಹಲ ತಡೆಯಲಾರದೆ ಒಳಗೆ ಹೋಗಿ ಕಾಕುವನ್ನು ಕೇಳಿದೆ. ಅವರು ಬಲಗೈ ಚಾಚಿದರು. ಬೆರಳುಗಳು ತಾವಾಗಿಯೇ ನಡುಗುತ್ತಿದ್ದವು. "ಚಹಾದ ಕಪ್ಪ ಹಿಡೀಲಿಕ್ಕ ಆಗವಲ್ತು. ಸೂಜಿ ಎಲ್ಲಿ ಹಿಡೀಲಿ? ನಮ್ಮ ಮಗಳ ಕೂಸಿಂದು ಮೊದಲನೇ ಸಂಕ್ರಾಂತಿ. ಮಗಳು ಕುಂಚಿಗಿ ಆನ್‌ಲೈನ್ ತರಸ್ತೀನಿ ಅಂದ್ಲು. ತರಸವಾ ಅಂದೆ. ನನ್ನ ಕಾಲ ಮುಗೀತು." ಆ 'ತರಸವಾ' ಅಂದ ಮಾರನೆಯ ದಿನವೇ ಕಾಕಾ ಕಪಾಟಿನ ಮೇಲಿದ್ದ ಸೂಜಿ ಡಬ್ಬಿ ಇಳಿಸಿದರಂತೆ. ಯಾಕೆಂದು ಕೇಳಿದರೆ, "ಸುಮ್ನ ಕೂತು ಬ್ಯಾಸರ," ಅಂದರಂತೆ.

ಆದರೆ ವಿಮಾನದ ಮನುಷ್ಯ ಸುಮ್ಮನೆ ಸೂಜಿ ಹಾಕುತ್ತಾರೆಯೇ? ಮೊದಲು ಗ್ರಾಫ್ ಹಾಳೆಯಲ್ಲಿ ನಕ್ಷೆ! ಗಿಣಿ ಮುಂದಿನಿಂದ, ಗಿಣಿ ಪಕ್ಕದಿಂದ, ಗಿಣಿ ಮೇಲಿನಿಂದ.

"ಮ್ಯಾಲಿಂದ ಯಾಕ್ರಿ ಕಾಕಾ? ಅದು ಬಟ್ಟಿ ಮ್ಯಾಲ ಕಾಣಸೂದೇ ಇಲ್ಲಲ್ಲ?"

"ಕಾಣಸಲಿಕ್ಕಿಲ್ಲ. ಡ್ರಾಯಿಂಗ್‌ನ್ಯಾಗ ಇರಬೇಕು."

ಕಾಕು ಪಕ್ಕದ ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದರು. "ನಾಕ ಎಳಿ ತಗೋರಿ, ನಾಕ ಎಳಿ ಬಿಡ್ರಿ." ಒಂದು ಸಾಲು ಮುಗಿದ ಕೂಡಲೇ ಬಟ್ಟೆ ಇಸಿದುಕೊಂಡು ಮಗುಚುವರು. "ಬಿಚ್ರಿ."

"ಯಾಕ? ಛಂದ ಆಗ್ಯದಲ್ಲ!"

"ಹಿಂದ ನೋಡ್ರಿ."

ಹಿಂಬದಿಯಲ್ಲಿ ಸಣ್ಣದೊಂದು ಗಂಟು ಉಗುರಿಗೆ ಹತ್ತಿದರೂ ಸಾಕು, ಬಿಚ್ಚಲೇಬೇಕು. ನಾವೆಲ್ಲ ಎಷ್ಟು ವರ್ಷದಿಂದ ಈ ದೃಶ್ಯಕ್ಕೆ ಕಾದಿದ್ದೆವೋ! ಕಾಕಾ ಮೂಗಿನಲ್ಲೇ ಏನೋ ಗೊಣಗಿ ಬಿಚ್ಚುವರು. ಮೊದಲ ಗಿಣಿಯನ್ನು ಏಳು ಸಲ ಬಿಚ್ಚಿದರು. ಅಷ್ಟರಲ್ಲಿ ನಿಜವಾದ ಗಿಣಿ ಮೊಟ್ಟೆಯಿಟ್ಟು ಮರಿ ಮಾಡುತ್ತಿತ್ತು.

ನಡುವೆ ನನ್ನ ಮಗಳ ಕೆಲಸವೂ ಬಂತು. ರಜೆಯಲ್ಲಿ ಕರವಸ್ತ್ರದ ಮೇಲೆ ಕೈಕಸೂತಿ ಮಾಡಿ ತರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಮೊಬೈಲಿನಲ್ಲಿ ಕ್ರಿಸ್‌ಮಸ್ ಗಿಡದ ಚಿತ್ರ ತೋರಿಸಿದಳು. ಕಾಕಾ ನೋಡಿದರು, ನೋಡಿದರು, ಆಮೇಲೆ ಮೊಬೈಲನ್ನೇ ತಿರುವಿ ಹಿಂದೆ ನೋಡಿದರು! ಕಾಕು ಎಣಿಸಿದರು, ಕಾಕಾ ಹೊಲಿಯಲು ಕಲಿಸಿದರು, ಮಗಳು ಹೊಲಿದಳು. ಗಿಡ ಮುಗಿದಾಗ ಅದು ಅಪ್ಪಟ ಗೋಪುರವಾಗಿತ್ತು. ಕಸೂತಿಗೆ ಗೋಪುರ ಗೊತ್ತೇ ಹೊರತು ಸೂಚಿಪರ್ಣಿ ಎಲ್ಲಿಂದ ಗೊತ್ತಿರಬೇಕು? ಮಗಳು ತುದಿಗೊಂದು ನಕ್ಷತ್ರ ಹಾಕಿ ಅದನ್ನೇ ಕ್ರಿಸ್‌ಮಸ್ ಗಿಡ ಮಾಡಿದಳು.

ಇತ್ತ ಕುಂಚಿಗೆಯಲ್ಲಿ ಎರಡು ಗಿಣಿ ಎದುರುಬದುರು ಕೂರಬೇಕಿತ್ತು. ಎರಡನೆಯದು ಮುಗಿದಾಗ ನೋಡಿದರೆ, ಒಂದಕ್ಕೊಂದು ಬೆನ್ನು ಹಾಕಿ ಕೂತಿವೆ! ಕಸೂತಿಗೆ ಹಿಂದು ಮುಂದು ಒಂದೇ ತಾನೆ, ತಿರುವಿದರೆ ಸರಿಹೋದೀತೆಂದು ಕಾಕಾ ಗಬಕ್ಕನೆ ಬಟ್ಟೆ ಮಗುಚಿದರು. ಅಲ್ಲೂ ಮುಖ ತಿರುಗಿಸಿಕೊಂಡೇ ಕೂತಿದ್ದವು!

"ಜಗಳಾಡ್ಯಾವೇನ್ರಿ?" ಎಂದರು ಕಾಕು.

"ಗಂಡ ಹೆಂಡ್ತಿ ಇದ್ದಾವ. ನಡೀತದ," ಎಂದರು ಕಾಕಾ. ನಡೆಯಲಿಲ್ಲ. ಮತ್ತೆ ಬಿಚ್ಚಿದರು. ಕುಂಚಿಗೆ ಸಂಕ್ರಾಂತಿಯೊಳಗೆ ಮುಗಿಯುತ್ತದೆಂಬ ಆಸೆಯನ್ನು ನಾನಂತೂ ಅಂದೇ ಬಿಟ್ಟೆ. ರಜೆ ಮುಗಿಸಿ ಊರಿಗೆ ಹೋದೆ.

ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಮತ್ತೆ ಬಂದೆ. ಕುಂಚಿಗೆ ಕಾಕುವಿನ ತೊಡೆಯ ಮೇಲಿತ್ತು. ಎರಡೂ ಗಿಣಿ ಮುಖಕ್ಕೆ ಮುಖ ಕೊಟ್ಟು ಕೂತಿದ್ದವು. ಕಾಕು ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು. "ಇಲ್ಲೊಂದು ಹೊಲಿಗಿ ಬಿಟ್ಟೀರಲ್ರಿ. ಗಿಣಿ ಕಾಲು ಮುಗದಿಲ್ಲ."

"ಗೊತ್ತದ. ಬೇಕಂತನ ಬಿಟ್ಟೀನಿ." ಕಾಕಾ ದಾರ ಪೋಣಿಸಿದ ಸೂಜಿಯನ್ನು ಅವರ ಬೆರಳ ನಡುವೆ ಇಟ್ಟರು. "ನೀ ಹಾಕು."

"ಏ, ಬ್ಯಾಡ್ರಿ. ಇಷ್ಟ ಛಂದ ಮಾಡೀರಿ, ಹಾಳಾಗ್ತದ."

"ಹಾಕು ಅಂದೆ."

ಕಾಕು ಚುಚ್ಚಿದರು. ಸೂಜಿ ಎರಡು ಎಳೆ ಆಚೆ ಇಳಿಯಿತು. ಹೊಲಿಗೆ ಸೊಟ್ಟಗೆ ಬಂತು. ಕಾಕುವಿನ ಮುಖ ಕಪ್ಪಿಟ್ಟಿತು. "ಹೇಳ್ಲಿಲ್ಲೇನ್ರಿ? ಬಿಚ್ಚವಾ ಇದನ್ನ," ಎಂದು ನನ್ನ ಕಡೆ ಚಾಚಿದರು. ನಾನು ಕತ್ತರಿ ತೆಗೆದುಕೊಂಡೆ, ಒಂದೇ ಹೊಲಿಗೆ, ನಾನೇ ಸರಿ ಮಾಡಿಬಿಡೋಣವೆಂದು.

"ಅದಕ್ಕ ಕೈ ಹಚ್ಚಬ್ಯಾಡ!" ಕಾಕಾ ಗದರಿದ ರಭಸಕ್ಕೆ ನಾನು ಬೆಚ್ಚಿದೆ. ಕುಂಚಿಗೆ ಕಸಿದುಕೊಂಡು ಎದೆಗೊತ್ತಿಕೊಂಡರು.

"ಇಷ್ಟ ದಿನ ನಾ ಮಾಡಿದ್ದು ಬರೇ ಫಿಟಿಂಗ್ ಕೆಲಸ. ಇದರಾಗ ಕಸೂತಿ ಅನ್ನೂದು ಇದ್ರ, ಇದೊಂದ ಹೊಲಿಗಿ ಅದ."