ಬೇಲಿ ಮುಳ್ಳಿಗೆ ಸುಂಕವಿಲ್ಲ

ಗಡಿಯ ಮೇಲೆ ಬದುಕುವವರು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಬಂಡಿಗೆ ಅಡ್ಡ ನಿಲ್ಲುತ್ತವೆ. ನಾನು ಈ ಮೊದಲು ಏನನ್ನೂ ಬರೆದವಳಲ್ಲ. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಬೇಸರ ಮಾಡಿಕೊಳ್ಳಬಾರದು.

ನನ್ನ ಗಂಡನ ಮನೆ ಸುರಪುರದ ಹತ್ತಿರದ ದೇವಾಪುರ, ಅಂದರೆ ನಿಜಾಮರ ಸೀಮೆ. ತವರು ಗಡಿಯಾಚೆ, ಅಂದರೆ ಇಂಗ್ಲಿಷರ ಸೀಮೆ. ನಡುವೆ ಬೆಟ್ಟವಿಲ್ಲ, ಗೋಡೆಯಿಲ್ಲ. ಒಂದು ನಾಕಾ ಇತ್ತು. ನಾಕಾ ಎಂದರೆ ಸುಂಕದ ಕಟ್ಟೆ: ಒಂದು ಗುಡಿಸಲು, ದಾರಿಗೆ ಅಡ್ಡ ಒಂದು ಬಿದಿರು, ಒಬ್ಬ ಜಮಾದಾರ, ಅವನ ಕೈಕೆಳಗೆ ಒಬ್ಬ ಜವಾನ.

ನಿಜಾಮರ ಆಳ್ವಿಕೆಯ ಕೊನೆಗಾಲ ಅದು. ಹೊರಗೆ ಹೋಗುವ ಎಣ್ಣೆಕಾಳಿಗೆ ನಮ್ಮ ಸರ್ಕಾರ ಭಾರಿ ಸುಂಕ ಹಾಕಿತು. ಅದಕ್ಕೆ ಉತ್ತರವಾಗಿ ಆ ಕಡೆಯವರು ಇತ್ತ ಬರುವ ಉಪ್ಪು, ದೀಪದ ಚಿಮಣಿ ಎಣ್ಣೆಗಳನ್ನು ಬಿಗಿ ಮಾಡಿದರು. ಅದಕ್ಕೆ ಉತ್ತರವಾಗಿ ನಮ್ಮವರು ಸುಂಕವನ್ನು ಇನ್ನಷ್ಟು ಏರಿಸಿದರು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಹೊಡೆದರು. ಬಾಸುಂಡೆ ಬಂದದ್ದು ನಮಗೆ.

ನಮ್ಮ ಎಣ್ಣೆಕಾಳೆಂದರೆ ಕುಸುಬಿ. ಅದು ಬೆಳೆದು ನಿಂತಿತ್ತು. ಅದನ್ನು ಗಡಿಯಾಚೆಯ ಸಂತೆಗೆ ಒಯ್ಯಬೇಕು, ಇಲ್ಲವೇ ಸುರಪುರದ ಎಣ್ಣೆ ಶೇಠರು ಕೊಟ್ಟಷ್ಟಕ್ಕೆ ಕೈಯೊಡ್ಡಬೇಕು. ನಮ್ಮ ಅತ್ತೆ ಕೈಯೊಡ್ಡುವ ಪೈಕಿಯವರಲ್ಲ.

೧. ಗಾಣದ ಎತ್ತು

ಆದರೂ ಕೇಳಿ ನೋಡೋಣವೆಂದು ಅತ್ತೆ ಒಮ್ಮೆ ಶೇಠರ ಅಂಗಡಿಗೆ ಹೋದರು. ಹಿಂದೆ ನಾನೂ ಇದ್ದೆ.

ಶೇಠರು ಮುಖ ಬಾಡಿಸಿಕೊಂಡು ಹೇಳಿದರು: "ಏನು ಮಾಡ್ಲಿ ಯವ್ವಾ, ಎರಡು ಸರ್ಕಾರದ ಜಗಳ. ಕುಸುಬಿ ಧಾರಣಿ ಅರ್ಧಕ್ಕ ಬಂದದ. ನನ್ನ ಕೈಯಾಗೇನದ?"

"ನಿಮ್ಮ ಕೈಯಾಗ ತಕ್ಕಡಿ ಅದ," ಎಂದರು ಅತ್ತೆ. "ಇರಲಿ ಬಿಡ್ರಿ. ಹಂಗಾರ ಒಂದೀಟು ಕುಸುಬಿ ಎಣ್ಣಿ ಹಾಕ್ರಿ. ಅದೂ ಸಸ್ತಾ ಆಗಿರಬೇಕು."

"ಎಲ್ಲಿ ಸಸ್ತಾ! ಎಣ್ಣಿ ತುಟ್ಟಿ ಆಗ್ಯಾದ. ಜಗಳ ನಡದದಲ್ಲ ಯವ್ವಾ!"

ಅತ್ತೆ ಎಣ್ಣೆಯ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದರು. "ಅದೇ ಜಗಳ ಕಾಳಿಗಿ ಇಳಸ್ತದ, ಎಣ್ಣಿಗಿ ಏರಸ್ತದ. ಶೇಠರ, ನಿಮ್ಮ ಗಾಣದಾಗ ಎತ್ತು ತಿರಗತಾವೋ, ಸರ್ಕಾರ ತಿರಗತಾವೋ?"

೨. ಜಮಾದಾರನ ತಂಗಿಯರು

ಉಡಿ ತುಂಬುವುದನ್ನು ನಮ್ಮವರಿಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಮುತ್ತೈದೆ ಹೊರಟಾಗ ಅವಳ ಸೆರಗಿನಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ ಹಾಕಿ ಕಟ್ಟುತ್ತಾರೆ. ಅತ್ತೆ ಅಕ್ಕಿಯ ಬದಲು ಮನೆಯಲ್ಲಿ ಉಳಿದಿದ್ದ ಕುಸುಬಿಯನ್ನೇ ನನ್ನ ಉಡಿಗೆ ಸುರಿದರು. ಓಣಿಯ ಹೆಂಗಸರಿಗೆಲ್ಲ ಅದೇ ದಿನ ಗಡಿಯಾಚೆಯ ನೆಂಟರ ನೆನಪಾಯಿತು. ಎಲ್ಲರ ಉಡಿಯಲ್ಲೂ ಕುಸುಬಿ.

ನಾಕಾದಲ್ಲಿ ಜಮಾದಾರ ಕಣ್ಣರಳಿಸಿದ. "ಅರೇ, ಎಲ್ಲಾರೂ ಒಂದೇ ದಿನ ಹೊಂಟೀರಿ? ಏನು ಹಬ್ಬ?"

"ನೀವು ಬಿಟ್ಟರ ಹಬ್ಬ, ಬಿಡದಿದ್ದರ ಜಾತ್ರಿ," ಎಂದರು ಅತ್ತೆ.

"ಉಡಿ ಬಿಚ್ಚಿ ತೋರಸ್ರಿ."

"ಬಿಚ್ಚಸ್ರಿ, ಬ್ಯಾಡನಂಗಿಲ್ಲ. ಆದರ ನಮ್ಮ ಕಡಿ ಉಡಿ ಬಿಚ್ಚಿಸಿದಾವನೇ ಮತ್ತ ತುಂಬಬೇಕು. ತುಂಬಿದಾವ ಅಣ್ಣ ಆಗ್ತಾನ. ಕುಬಸದ ಖಣ, ಕಾಯಿ, ಅಕ್ಕಿ ಕೊಡಬೇಕು. ಪಂಚಮಿ ಹಬ್ಬಕ್ಕ ಕರೀಲಿಕ್ಕಿ ಬರಬೇಕು. ಇಷ್ಟು ಮಂದಿ ತಂಗೇರಿಗಿ ನಿಮ್ಮ ಮನ್ಯಾಗ ಜಾಗ ಅದನ್ರಿ?"

ಜಮಾದಾರ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಕೊನೆಯಲ್ಲಿ ನಿಂತಿದ್ದವಳು ಆಗಲೇ ಕಣ್ಣೀರು ಒರೆಸಿಕೊಂಡು "ಅಣ್ಣಾ!" ಎಂದು ಕೂಗಿದಳು.

ಬಿದಿರನ್ನು ಜಮಾದಾರ ತಾನೇ ಎತ್ತಿದ.

೩. ನಾಕಾದ ಬೇಲಿ

"ಉಡಿಯೊಳಗ ಹೊಲ ಹಿಡಿಯಂಗಿಲ್ಲ," ಎಂದರು ಅತ್ತೆ. ಅದು ನಿಜ. ಬೆಳೆಯೆಲ್ಲ ಇನ್ನೂ ಇಲ್ಲೇ ಇತ್ತು.

ಕುಸುಬಿ ಗಿಡದ ಮೈಯೆಲ್ಲ ಮುಳ್ಳು. ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವಾಗ ಕಿತ್ತು ಒಣಗಿಸುತ್ತೇವೆ. ಆಮೇಲೆ ಬಡಿಗೆಯಿಂದ ಬಡಿದರೆ ಕಾಳು ಉದುರುತ್ತದೆ. ಬಡಿಯುವ ಮೊದಲು ನೋಡಿದವರಿಗೆ ಅದು ಮುಳ್ಳಿನ ಹೊರೆ, ಅಷ್ಟೇ. ಅತ್ತೆ ಈ ಸಲ ಬಡಿಯಲು ಬಿಡಲಿಲ್ಲ. "ಸುಂಕ ಕಾಳಿಗಿ ಅದ. ಮುಳ್ಳಿಗಿ ಯಾರೂ ಹಾಕಿಲ್ಲ. ಸೊಸಿ ತವರಿನ ಕಣದಾಗ ಬಡಿಯೂಣು." ಊರಿನವರೂ ಹಾಗೆಯೇ ಬಂಡಿ ಹೇರಿದರು. ಬಿರುಬಿಸಿಲಲ್ಲಿ ನಾಕಾ ಮುಟ್ಟಿದೆವು. ಆ ಹೊತ್ತಿಗೆ ಮುಳ್ಳು ಸೂಜಿಯಾಗಿರುತ್ತದೆ.

"ಏನದು?"

"ಬೇಲಿ ಮುಳ್ಳು, ಜಮಾದಾರರ," ಎಂದರು ಅತ್ತೆ.

ಜಮಾದಾರ ಕೈ ಹಾಕಿ ನೋಡಿದ. ಕೈ ಹೋದಷ್ಟು ಬೇಗ ಹಿಂದಕ್ಕೆ ಬಂತು. ಬೆರಳು ಚೀಪುತ್ತ ಜವಾನನಿಗೆ ಸನ್ನೆ ಮಾಡಿದ. ಜವಾನ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆಗ ಜಮಾದಾರನಿಗೆ ಒಂದು ಯುಕ್ತಿ ಹೊಳೆಯಿತು.

"ಭಾಳ ಚಲೋ ಆತು! ನಮ್ಮ ಗುಡಿಸಲಿಗಿ ಬೇಲಿ ಇಲ್ಲ, ಆಡು ಬಂದು ತ್ರಾಸ ಕೊಡ್ಲಕತ್ತಾವ. ಮುಂದಿನ ಬಂಡಿ ಇಲ್ಲೇ ಇಳಸ್ರಿ. ಸರ್ಕಾರದ ಹುಕುಂ."

ಮುಂದಿನ ಬಂಡಿ ನಮ್ಮದು. ಒಂದು ವರ್ಷದ ಬೆವರು ಅದರಲ್ಲಿತ್ತು. ನನ್ನ ಗಂಡ ಎತ್ತಿನ ಹಗ್ಗ ಬಿಡಲಿಲ್ಲ. ಅತ್ತೆ ಮಾತ್ರ ಸೆರಗು ಬಿಗಿದರು. "ಹುಕುಂ ಅಂದ ಮ್ಯಾಲ ಆತ್ರಿ. ನೀವು ಇಬ್ಬರೂ ಒಳಗ ಕುಂತು ಊಟ ಮಾಡ್ರಿ."

ಅವರು ಉಣ್ಣಲು ಕುಳಿತರು. ನಾವು ಗುಡಿಸಲಿನ ಸುತ್ತ ಎದೆಯೆತ್ತರ ಬೇಲಿ ಕಟ್ಟಿದೆವು. ಸುತ್ತ ಎಂದರೆ ಪೂರ್ತಿ ಸುತ್ತ. ಆಮೇಲೆ ಅತ್ತೆ ಹೋಗಿ ಬಿದಿರು ಎತ್ತಿ ಹಿಡಿದರು. ಹಿಂದಿನ ಬಂಡಿಗಳೆಲ್ಲ ಒಂದರ ಬೆನ್ನಿಗೊಂದು ಗಡಿ ದಾಟಿದವು.

ಗಾಲಿಗಳ ಸದ್ದಿಗೆ ಜಮಾದಾರ ಎಂಜಲು ಕೈಯಲ್ಲೇ ಹೊರಗೆ ಬಂದ. "ಅರೇ, ನಿಲ್ಲಸ್ರಿ! ಇದಕ್ಕ ಬಾಗಿಲ ಎಲ್ಲದ?"

"ಬೇಲಿ ಹುಕುಂ ಕೊಟ್ಟೀರಿ, ಹಾಕೀವಿ. ಬಾಗಿಲ ಹುಕುಂ ಇನ್ನಾ ಬಂದಿಲ್ರಿ," ಎಂದರು ಅತ್ತೆ.

ಸಿಟ್ಟಿನಿಂದ ಜಮಾದಾರ ಲಾಠಿ ತೆಗೆದುಕೊಂಡು ಬೇಲಿಯನ್ನು ಬಡಿಯತೊಡಗಿದ. ಜವಾನನೂ ಬಡಿದ. ಬಡಿದಂತೆಲ್ಲ ಬಿಳಿ ಕಾಳು ಝರಝರನೆ ಉದುರಿತು.

"ಕುಸುಬಿ!" ಎಂದು ಜಮಾದಾರ ಕಿರುಚಿದ. "ಇದು ಕುಸುಬಿ! ಸುಂಕ ಕಟ್ರಿ!"

"ಯಾರು ಕಟ್ಟಬೇಕ್ರಿ? ಬೇಲಿ ಸರ್ಕಾರದ್ದು, ಬೇಲ್ಯಾಗಿನ ಕಾಳೂ ಸರ್ಕಾರದ್ದು. ಮ್ಯಾಲಿನ ಸಾಹೇಬರಿಗಿ ತಿಳಸ್ರಿ, ನಾಕಾದಾಗ ಈ ವರ್ಷ ಕುಸುಬಿ ಬೆಳಿ ಬಂದದ ಅಂತ. ಉಳದ ಬಂಡಿ ದಾಟೂ ಹೊತ್ತಿನಾಗ ನೀವು ಎಲ್ಲಿ ಇದ್ದಿರಿ ಅಂಬೂದೂ ತಿಳಸ್ರಿ."

ಜಮಾದಾರ ಗಡಿಯಾಚೆಯ ಧೂಳನ್ನು ನೋಡಿದ. ಕಾಲಡಿಯ ಕಾಳನ್ನು ನೋಡಿದ. ಆಮೇಲೆ ಉಳಿದ ಬೇಲಿಯನ್ನೂ ಬಡಿದು ನೆಲಕ್ಕೆ ಮಲಗಿಸಿದ. ಜವಾನ ಗುಡಿಸಿದ. ಇಬ್ಬರೂ ಸೇರಿ ಕಾಳನ್ನು ನಾವು ಕಣಕ್ಕೆಂದು ತಂದಿದ್ದ ಚೀಲಗಳಿಗೆ ತುಂಬಿ, ಹೊತ್ತು ತಂದು ನಮ್ಮ ಬಂಡಿಯಲ್ಲೇ ಇಟ್ಟರು. "ದೌಡ ಹೋಗ್ರಿ," ಎಂದು ಜಮಾದಾರ ಅಂಗಲಾಚಿದ. "ಇಲ್ಲಿ ಒಂದು ಕಾಳೂ ಉಳೀಬಾರದು. ಯಾರಾರ ಬರ್ತಾರ!"

ಬಂಡಿ ಗಡಿ ದಾಟಿತು. ಅತ್ತೆ ಚೀಲದ ಮೇಲೆ ಕುಳಿತು ಹಿಂದೆ ತಿರುಗಿ ಕೂಗಿದರು: "ಜಮಾದಾರರ, ಒಕ್ಕೂದು ಭಾಳ ಚಲೋ ಬರ್ತದ ನಿಮಗ! ಆದರ ಆ ಮೂಲ್ಯಾಗ ಒಂದೀಟು ಕಾಳು ಉಳದಾವ ನೋಡ್ರಿ!"

ಜಮಾದಾರ ಜವಾನನ ಕೈಯಿಂದ ಕಸಬರಿಗೆ ಕಸಿದುಕೊಂಡು ಓಡಿದ.