ಹುಸೇನಸಾಬನ ಗಿಳಿ ಕಪ್ಪು

ಆಗ ನಮ್ಮ ಗದಗ-ಬೆಟಗೇರಿಯಲ್ಲಿ ಜೋಡಿಸುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಸ್ವಾತಂತ್ರ್ಯ ಬಂದು ವರ್ಷದ ಮೇಲಾಗಿತ್ತು. ನಾವು ಮುಂಬಯಿ ಸರಕಾರದವರು, ಶಿರಹಟ್ಟಿಯವರು ಮೊನ್ನೆ ಮೊನ್ನೆಯವರೆಗೆ ಸಾಂಗಲಿ ಸಂಸ್ಥಾನದವರು, ಮುಂಡರಗಿ ದಾಟಿ ಮುಂದೆ ಹೋದರೆ ನಿಜಾಮರ ಸೀಮೆ. ಇದನ್ನೆಲ್ಲ ಕೂಡಿಸಿ ಒಂದು ಕರ್ನಾಟಕ ಮಾಡಬೇಕೆಂದು ಚಹಾದ ಅಂಗಡಿಯಲ್ಲಿ ಕುಳಿತು ನಾನೂ ಗಂಟಲು ಹರಿದುಕೊಳ್ಳುತ್ತಿದ್ದೆ. ಇಡೀ ನಾಡನ್ನೇ ಜೋಡಿಸಲು ಹೊರಟವನಿಗೆ ಒಡೆದ ಚಹಾದ ಕಪ್ಪು ಒಂದು ದೊಡ್ಡದೇ? ಹಾಗೆಂದುಕೊಂಡದ್ದೇ ನನ್ನ ಮೊದಲ ತಪ್ಪು.

ಕಪ್ಪು ನನ್ನದಲ್ಲ, ನನ್ನ ಗೆಳೆಯ ಹುಸೇನಸಾಬನದು. ಅವನು ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನು. ವರ್ಷಕ್ಕೊಮ್ಮೆ ನಮ್ಮ ಅಂಗಳದಲ್ಲಿ ತಿದಿ ಹೂಡಿ, ತವರ ಕರಗಿಸಿ, ಲೋಟ ತಂಬಿಗೆಗಳ ಒಳಗೆಲ್ಲ ಅರಿವೆಯಿಂದ ತಿಕ್ಕಿ ಬೆಳ್ಳಿಯಂತೆ ಮಾಡಿಡುತ್ತಿದ್ದ. ಅವನ ಕೈ ಆಡದ ಪಾತ್ರೆ ನಮ್ಮ ಅಡಿಗೆಮನೆಯಲ್ಲಿ ಒಂದೂ ಇರಲಿಲ್ಲ. ಆದರೆ ಸಂಜೆ ಅವನು ನಮ್ಮ ಕಟ್ಟೆಗೆ ಬಂದು ಕುಳಿತಾಗ ಚಹಾ ಮಾತ್ರ ಆ ಲೋಟಗಳಲ್ಲಿ ಬರುತ್ತಿರಲಿಲ್ಲ. ಅವ್ವನ ಆಚಾರ. ಹೊರಗೋಡೆಯ ಗೂಡಿನಲ್ಲಿ ಅವನಿಗೆಂದೇ ಒಂದು ಚೀನಿ ಕಪ್ಪು, ಅದರ ಕೆಳಗಿಡಲು ಒಂದು ಬಸಿ. ಕಪ್ಪಿನ ಮೇಲೆ ಕೆಂಪು ಕೊಕ್ಕಿನ ಹಸಿರು ಗಿಳಿ.

ಇದರಲ್ಲಿ ಏನಾದರೂ ವಿಚಿತ್ರವಿದೆಯೆಂದು ನನಗೆ ಹೊಳೆದದ್ದೇ ಇಲ್ಲ. ಅವನಿಗೆ ಗಿಳಿ ಇರುವ ಕಪ್ಪು, ನಮಗೆ ಬೋಳು ಲೋಟ. ಮರ್ಯಾದೆ ಯಾರಿಗೆ ಹೆಚ್ಚಾಯಿತು, ನೀವೇ ಹೇಳಿ. ಅವ್ವ ತೀರಿಕೊಂಡ ಮೇಲೂ ಕಪ್ಪು ಗೂಡಿನಲ್ಲೇ ಉಳಿಯಿತು.

ನಿಜಾಮರ ಸೀಮೆಯಲ್ಲಿ ಗಲಾಟೆ ಎದ್ದಾಗ, ಅಲ್ಲಿ ಕೊಟ್ಟಿದ್ದ ತಂಗಿಯನ್ನು ನೋಡಿಕೊಂಡು ನಾಲ್ಕು ದಿನದಲ್ಲಿ ಬರುತ್ತೇನೆಂದು ಹುಸೇನಸಾಬ ಹೋದ. ವರ್ಷವಾಯಿತು. ಕಾಗದವಿಲ್ಲ, ಖಬರಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತರೆ ಅವನಿಗೆ ಜಾಗ ಬಿಟ್ಟು ಒಂದು ಬದಿಗೇ ಕೂಡುತ್ತಿದ್ದೆ. ಹೆಂಡತಿ ನೀಲವ್ವ ಚಹಾಕ್ಕೆ ಎಷ್ಟು ಬೆಲ್ಲ ಹಾಕಿದರೂ ನನಗೆ ಸಪ್ಪೆ. ಜಗಳವಾಡಲು ಊರ ತುಂಬ ಜನರಿದ್ದರು, ಆದರೆ ಜಗಳ ಮುಗಿದ ಮೇಲೆ ಸುಮ್ಮನೆ ಜೊತೆಯಲ್ಲಿ ಕೂಡುವವನು ಅವನೊಬ್ಬನೇ ಆಗಿದ್ದ.

ಕೊನೆಗೊಂದು ದಿನ ಡಂಬಳದಿಂದ ಹತ್ತಿ ಹೇರಿಕೊಂಡು ಬಂದ ಗಾಡಿಯವನು ಹೇಳಿದ: “ಕಲಾಯಿ ಹುಸೇನಸಾಬ ಸಿಕ್ಕಿದ್ದರಿ. ಬರೂ ಶನಿವಾರ ಬರ್ತಾನಂತ ನಿಮಗ ಹೇಳಂದಾನ.”

ನಾನು ಮನೆಗೆ ಓಡಿದೆ. ಗೂಡಿನಿಂದ ಕಪ್ಪು ತೆಗೆದು ಧೋತರದ ಚುಂಗಿನಿಂದ ಸಂತೋಷವಾಗಿ ಒರೆಸಿದೆ. ಸಂತೋಷ ಸ್ವಲ್ಪ ಹೆಚ್ಚಾಯಿತು. ಕಪ್ಪು ಕಟ್ಟೆಯ ಕಲ್ಲಿಗೆ ಬಿತ್ತು. ಹಿಡಿಕೆ ಒಂದು ಕಡೆ, ಗಿಳಿ ಎರಡು ಹೋಳು, ಗಿಳಿಯ ಕೊಕ್ಕಿದ್ದ ಅಂಚಿನ ಚೂರು ಎಲ್ಲಿ ಹಾರಿತೋ ಸಿಗಲೇ ಇಲ್ಲ.

“ಬ್ಯಾರೆ ತಂದ್ರಾತು ಬಿಡ್ರಿ,” ಎಂದಳು ನೀಲವ್ವ.

“ಬ್ಯಾರೇದರಾಗ ಗಿಳಿ ಇರ್ತೈತೇನು? ಅಂವಾ ವರ್ಷದ ಮ್ಯಾಲೆ ಬರಾಕತ್ತಾನ. ತನ್ನ ಕಪ್ಪು ಕಾಣ್ಲಿಲ್ಲಂದ್ರ ನಮ್ಮನ್ನ ಮರ್ತಾರ ಅಂತ ತಿಳೀತಾನ.”

ಮೊದಲ ದಿನ ಜಾಲಿಯ ಅಂಟು ಕರಗಿಸಿ ಹೋಳುಗಳನ್ನು ಕೂಡಿಸಿ ನೆರಳಿನಲ್ಲಿಟ್ಟೆ. ಮರುದಿನ ನೋಡಿದರೆ ಕಪ್ಪು ಕಲ್ಲಿನಷ್ಟು ಗಟ್ಟಿ. ನೀಲವ್ವನನ್ನು ಕರೆದು ಎದುರಿಗೆ ನಿಲ್ಲಿಸಿ, ಸಮಾರಂಭಪೂರ್ವಕವಾಗಿ ಬಿಸಿ ಚಹಾ ಸುರಿದೆ. ಅಂಟು ಚಹಾದಲ್ಲಿ ಕರಗಿತು. ಹಿಡಿಕೆ ಬೆರಳಿನಲ್ಲಿ ಉಳಿಯಿತು, ಉಳಿದ ನಾಡು ನನ್ನ ತೊಡೆಯ ಮೇಲೆ ವಿಭಜನೆಯಾಯಿತು.

ಪಕ್ಕದ ಮನೆಯ ಗೌಂಡಿ ದ್ಯಾಮಣ್ಣ ನನ್ನ ಕೂಗು ಕೇಳಿ ಬಂದು, ತನ್ನ ಅಜ್ಜನ ಕಾಲದ ಗಾರೆಯ ಗುಟ್ಟು ಹೇಳಿದ. “ಸುಣ್ಣ, ಬೆಲ್ಲ, ಉದ್ದಿನ ಹಿಟ್ಟು, ಮತ್ತ ತತ್ತಿ ಬಿಳಿ. ಇದರಾಗ ಕಟ್ಟಿದ್ದು ನೂರು ವರ್ಷ ಅಳ್ಳಾಡಂಗಿಲ್ಲ ನೋಡ್ರಿ.”

ನಮ್ಮದು ತತ್ತಿ ಎಂಬ ಹೆಸರನ್ನೂ ಎತ್ತದ ಮನೆ. ಹಿಂದಿನ ಓಣಿಗೆ ಹೋಗಿ ಒಂದು ತತ್ತಿ ತಂದು ಕೋಟಿನ ಕಿಸೆಯಲ್ಲಿ ಅಡಗಿಸಿಕೊಂಡೆ. ದಾರಿಯಲ್ಲಿ ನೀಲವ್ವನ ಸೋದರಮಾವ ಎದುರಾಗಬೇಕೆ? ಅವರು ಪ್ರೀತಿಯಿಂದ ನನ್ನನ್ನು ಅಪ್ಪಿಕೊಂಡರು. ನಾನು ಪ್ರಾಣ ಹೋದರೂ ಕದಲದೆ ನಗುತ್ತ ನಿಂತೆ. ಕಿಸೆಯೊಳಗೆ ಬೇಕಾದದ್ದು ಬಿಳಿ ಮಾತ್ರ, ಆದರೆ ಹಳದಿಯೂ ಕೂಡಿಕೊಂಡು ಕಾಲಿಗೆ ಇಳಿಯುತ್ತಿತ್ತು. ಮನೆಗೆ ಬಂದು ಕಿಸೆ ಹಿಂಡಿ ಗಾರೆ ಕಲೆಸಿದೆ. ಇಲ್ಲದ ಚೂರಿನ ಜಾಗಕ್ಕೂ ಅದನ್ನೇ ಮೆತ್ತಿ, ಕುಂಕುಮದಿಂದ ಕೊಕ್ಕು ಬರೆದೆ. ಗಿಳಿ ಹೋಗಿ ಎಲೆ ಅಡಿಕೆ ಹಾಕಿಕೊಂಡ ಗೂಬೆಯಾಯಿತು. ಮೂರು ದಿನ ಒಣಗಲು ಬಿಟ್ಟೆ. ಬೆಲ್ಲದ ವಾಸನೆಗೆ ಓಣಿಯ ಇರುವೆಗಳೆಲ್ಲ ಸಾಲುಗಟ್ಟಿ ಬಂದವು. ಕೈಲಾಗದವನು ಮೈ ಪರಚಿಕೊಂಡ ಎಂಬಂತೆ, ಕಪ್ಪು ಕಾಯುತ್ತ ನಾನು ಇರುವೆ ಕಡಿಸಿಕೊಂಡು ಕುಳಿತೆ.

ಶನಿವಾರ ಬೆಳಿಗ್ಗೆ ಪರೀಕ್ಷೆಗೆಂದು ಅದರಲ್ಲಿ ಚಹಾ ಹಾಕಿಕೊಂಡು ನಾನೇ ಕುಡಿದೆ. ಸೋರಲಿಲ್ಲ. ನೀಲವ್ವ ಬಾಗಿಲಲ್ಲಿ ನಿಂತು ನೋಡಿದಳು. “ಅದರಾಗ ನೀವು ಕುಡಿಯೂದು ಇದ ಮೊದಲ, ಅಲ್ರಿ?”

ಹೌದಲ್ಲ ಅನಿಸಿತು. ಹಿಡಿಕೆಯಲ್ಲಿ ಬೆರಳು ಹಿಡಿಸುತ್ತಿರಲಿಲ್ಲ. ಅಂಚು ಮೊದಲೇ ಎರಡು ಕಡೆ ತರಚಿ ನಾಲಿಗೆಗೆ ಒರಟಾಗಿತ್ತು. ಇದರಲ್ಲಿ ಅವನು ಹನ್ನೆರಡು ವರ್ಷ ಹೇಗೆ ಕುಡಿದ? ಆ ಯೋಚನೆ ಮುಂದುವರಿಯುವಷ್ಟರಲ್ಲಿ ಸುಣ್ಣ ತುಟಿಯನ್ನು ಸುಟ್ಟಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಮೇಲ್ತುಟಿ ಬದನೆಕಾಯಿಯಾಯಿತು.

ಸಂಜೆ ಹುಸೇನಸಾಬ ಬಂದ. ಇಳಿದುಹೋಗಿದ್ದ. ಗಡ್ಡ ಅರ್ಧ ಬಿಳುಪಾಗಿತ್ತು. ಕಟ್ಟೆಯ ಮೇಲೆ ನಾನು ಬಿಟ್ಟಿದ್ದ ಜಾಗದಲ್ಲೇ ಕುಳಿತ. ಏನೇನೋ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನೇ ನನ್ನ ಮುಖ ನೋಡಿದ.

“ತುಟಿಗೇನಾತಲೇ ಬಸ್ಯಾ?” ಎಂದ.

ಉತ್ತರವಾಗಿ ನಾನು ಒಳಗಿನಿಂದ ಕಪ್ಪು-ಬಸಿ ತಂದು ಹೆಮ್ಮೆಯಿಂದ ಅವನ ಕೈಗಿತ್ತೆ. ಚಹಾ ಹೊಗೆಯಾಡುತ್ತಿತ್ತು. ಅವನು ಕುಶಲಕರ್ಮಿ, ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದ.

“ಯಾವ ಶಾಣ್ಯಾ ಜೋಡಿಸ್ಯಾನಲೇ ಇದನ್ನ?” ಎಂದು ಎತ್ತಿದ. ಬಸಿ ಎಡಗೈಯಲ್ಲಿ ಉಳಿಯಿತು, ಹಿಡಿಕೆ ಬಲಗೈಯಲ್ಲಿ ಉಳಿಯಿತು. ನೂರು ವರ್ಷದ ಗಾರೆ ಚಹಾ ಸಮೇತ ಅವನ ಹೊಸ ಅಂಗಿಯ ಮೇಲಿಳಿದು, ಅಲ್ಲಿಂದ ಕಟ್ಟೆಗೆ ಬಿದ್ದು ಪುಡಿಯಾಯಿತು.

ಹುಸೇನಸಾಬ ನಗತೊಡಗಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: “ಖರೆ ಹೇಳ್ಲೇನು? ಈ ಕಪ್ಪ ನಾ ಎರಡ ಸಲ ಬೇಕಂತನ ಕೈ ಬಿಟ್ಟಿದ್ದೆ. ಗಟ್ಟಿ ಮಾಲು. ಒಡೀಲಿಲ್ಲ.”

“ಯಾಕಲೇ?”

“ಇದು ಒಡದ್ರ, ಅವ್ವಾರು ಲೋಟದಾಗ ಕೊಟ್ಟಾರು ಅಂತ.”

ಇಷ್ಟು ದಿನ ನಾನು ಎಂಥದನ್ನು ಜೋಡಿಸುತ್ತಿದ್ದೆ ಎಂಬುದು ಆಗ ತಿಳಿಯಿತು. ತಲೆ ಬಗ್ಗಿಸಿ ಕಟ್ಟೆಯ ಮೇಲಿನ ಚೂರುಗಳನ್ನು ಆರಿಸತೊಡಗಿದೆ.

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ನೀಲವ್ವ ಹೊರಗೆ ಬಂದಳು. ಕೈಯಲ್ಲಿ ನಮ್ಮ ಹಿತ್ತಾಳೆಯ ಲೋಟ, ಅದರಲ್ಲಿ ಚಹಾ. “ತೊಗೊಳ್ರಿ ಅಣ್ಣಾರ.”

ಹುಸೇನಸಾಬ ಎರಡೂ ಕೈಯಿಂದ ಇಸಿದುಕೊಂಡ. ಕುಡಿದು ಮುಗಿಸಿ, ಅಭ್ಯಾಸಬಲದಿಂದ ಲೋಟದೊಳಗೆ ಬೆರಳಾಡಿಸಿದ. “ಕಲಾಯಿ ಪೂರಾ ಹೋಗೇತಲ್ಲ ತಂಗೀ. ಯಾರ ಕಡೇನೂ ಹಾಕಿಸಿಲ್ಲೇನು?”

“ನೀವು ಬರ್ತೀರಂತ ಹಾಂಗ ಬಿಟ್ಟೀನ್ರಿ. ಕಿಲುಬ ಏಳಬಾರ್ದಂತ ಹುಳಿ ಸಾರಿಗೆಲ್ಲ ಮಣ್ಣಿನ ಗಡಿಗಿ ಹಚ್ಚೀನಿ.”

ಅವನು ಬಹಳ ಹೊತ್ತು ಖಾಲಿ ಲೋಟವನ್ನು ಕೆಳಗಿಡಲಿಲ್ಲ.

ಮರುದಿನ ನಮ್ಮ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿದ. ಮೂರನೆಯ ದಿನ ಗಂಟು ಕಟ್ಟಿದ. ತಂಗಿಯ ಗಂಡ ತೀರಿಹೋಗಿದ್ದ, ಅವಳನ್ನು ಬಿಟ್ಟು ಇನ್ನು ಇಲ್ಲಿ ಇರಲಾಗದು ಎಂದ. “ಕಲಾಯಿ ಹೋಗೂದ್ರಾಗ ಬರ್ತೀನಿ,” ಎಂದು ಹೊರಟುಹೋದ.

ಈಗ ಏಕೀಕರಣವಾಗಿದೆ. ನನ್ನ ನೆರವಿಲ್ಲದೆಯೇ ನಾಡು ಕೂಡಿಕೊಂಡಿತು, ಅದಕ್ಕೇ ಗಟ್ಟಿಯಾಗಿ ನಿಂತಿದೆ. ಅವನ ಊರೂ ನಮ್ಮ ಊರೂ ಒಂದೇ ರಾಜ್ಯ. ಆದರೂ ಹುಸೇನಸಾಬ ಬರುವುದು ವರ್ಷಕ್ಕೊಮ್ಮೆ, ಕಲಾಯಿಯ ಹೊತ್ತಿಗೆ. ನನಗೆ ಅಷ್ಟು ದಿನ ತಡೆಯಲಾಗುವುದಿಲ್ಲ. ಕಲಾಯಿ ಜಲ್ದಿ ಹೋಗಲೆಂದು, ನೀಲವ್ವ ನೀರಿಗೆ ಹೋದಾಗ ನನ್ನ ಲೋಟವನ್ನು ಹುಣಿಸೆ, ಉಸುಕು ಹಾಕಿ ತಿಕ್ಕುತ್ತೇನೆ.

ಹೋದ ವಾರ ತಿಕ್ಕಿದ್ದು ಅತಿಯಾಗಿ ತಳದ ಬೆಸುಗೆ ಬಿಟ್ಟು ಲೋಟ ಸೋರತೊಡಗಿತು. “ತಾ ಇಲ್ಲೆ, ನಾ ಜೋಡಿಸ್ತೀನಿ,” ಎಂದೆ. ನೀಲವ್ವ ನನ್ನ ತುಟಿಯನ್ನೊಮ್ಮೆ ನೋಡಿ, ಲೋಟ ಕಸಿದುಕೊಂಡು ಒಳಗಿಟ್ಟಳು.

“ಅಣ್ಣಾರು ಬಂದ ಮಾಡ್ಲಿ. ಅಲ್ಲೀತನಾ ನಿಮಗ ಇದ.”

ಆ ಗೂಡಿನಲ್ಲಿ ಒಂಟಿಯಾಗಿ ಉಳಿದಿದ್ದ ಬಸಿಯಲ್ಲಿ ಈಗ ನಾನು ಚಹಾ ಕುಡಿಯುತ್ತಿದ್ದೇನೆ, ಕಟ್ಟೆಯ ಮೇಲೆ ಒಂದು ಬದಿಗೆ ಕುಳಿತು.